ಕೊಟ್ಟವರ ಹೆಸರಿನ ಬೆಕ್ಕು

ಉಜ್ಜಪ್ಪನಿಗೆ ಮನುಷ್ಯರು ಬೇಡ. ಇದು ನಾಚಿಕೆಯಲ್ಲ, ಯಾವುದೋ ಹಳೆಯ ನೋವೂ ಅಲ್ಲ. ಕೆಲವರಿಗೆ ಬದನೆಕಾಯಿ ಬೇಡವಾದಂತೆ ಅವನಿಗೆ ಮನುಷ್ಯರು ಬೇಡ, ಅಷ್ಟೆ. ಶಿಕಾರಿಪುರದಲ್ಲಿ ಅವನನ್ನು ಸತ್ಯವಂತ ಎಂದು ಹೊಗಳುವವರಿದ್ದಾರೆ. ಆ ಹೊಗಳಿಕೆಯನ್ನು ನಾನು ಒಪ್ಪುವುದಿಲ್ಲ. ಸುಳ್ಳು ಹೇಳುವುದಕ್ಕೂ ಎದುರಿಗಿರುವವರ ಬಗ್ಗೆ ಒಂದಿಷ್ಟು ಗಮನ ಬೇಕು, ಅವರು ಏನೆಂದುಕೊಂಡಾರು ಎಂಬ ಯೋಚನೆ ಬೇಕು. ಉಜ್ಜಪ್ಪ ಸುಳ್ಳು ಹೇಳುತ್ತಿರಲಿಲ್ಲ, ಏಕೆಂದರೆ ಯಾರ ಸಲುವಾಗಿಯೂ ಅಷ್ಟು ಶ್ರಮ ಪಡಬೇಕೆಂದು ಅವನಿಗೆ ಅನಿಸಿರಲಿಲ್ಲ.

ಪೇಟೆಯಲ್ಲಿ ಸದಾಶಿವಪ್ಪನವರ ಪಾತ್ರೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಕೊರೆಯುವುದು ಅವನ ಕೆಲಸ. ಪೆನ್ನಿನಂಥ ಒಂದು ಕರೆಂಟಿನ ಯಂತ್ರ, ಅದರ ತುದಿಗೊಂದು ಸೂಜಿ. ಗುಂಡಿ ಒತ್ತಿದರೆ ಸೂಜಿ ನಡುಗುತ್ತ ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತದೆ. ಸದ್ದು ಮಾತ್ರ ಕಣಜದ ಗೂಡಿಗೆ ಕಲ್ಲು ಹೊಡೆದಂತೆ. ಬರೆಯಬೇಕಾದ ಹೆಸರು ಹೇಳಿದ ಮೇಲೂ ಗಿರಾಕಿ ಮಾತು ಮುಂದುವರಿಸಿದರೆ ಉಜ್ಜಪ್ಪ ಗುಂಡಿ ಒತ್ತುತ್ತಿದ್ದ. "ಆರಾಮಿದೀರೇನ್ರಿ" ಎಂದರೂ ಅದೇ ಸದ್ದು, "ಮದ್ವೆಗೆ ನೀವೂ ಬರ್ಬೇಕ್ರಿ" ಎಂದರೂ ಅದೇ ಸದ್ದು. ತಾಲ್ಲೂಕಿನ ಅರ್ಧ ಮದುವೆಗಳ ಪಾತ್ರೆಗಳು ಅವನ ಕೈ ದಾಟಿ ಹೋಗಿವೆ. ಒಂದು ಮದುವೆಯ ಊಟದಲ್ಲೂ ಅವನನ್ನು ಯಾರೂ ಕಂಡಿಲ್ಲ. ಅವನ ಮದುವೆಯೂ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಆಗ್ಲಿಲ್ಲ" ಎನ್ನುತ್ತಿದ್ದ. ಹತ್ತಿರದ ಉಡುತಡಿಯಲ್ಲಿ ಅಣ್ಣನ ಮನೆಯಿದೆ, ಹೋಗುತ್ತಿರಲಿಲ್ಲ. ಅಂಗಡಿಯ ಹಿಂದಿನ ಸಂದಿಯಲ್ಲಿ ಒಂದು ಕೋಣೆ, ಒಂದು ಸ್ಟವ್, ಒಂದು ತಟ್ಟೆ. ಆ ತಟ್ಟೆಯ ಮೇಲೆ ಹೆಸರಿಲ್ಲ.

ಪಾತ್ರೆಯ ಮೇಲಿನ ಹೆಸರಿಗೆ ನಮ್ಮ ಕಡೆ ಒಂದು ಪದ್ಧತಿಯಿದೆ. ಉಡುಗೊರೆಯ ಪಾತ್ರೆಗೆ ಕೊಟ್ಟವರ ಹೆಸರು ಬರೆಸುತ್ತಾರೆ, ಪಡೆದವರದ್ದಲ್ಲ. ಹಾಗಾಗಿ ಮನೆಯೊಡತಿ ಜೀವಮಾನವಿಡೀ ಸೋದರಮಾವನ ಹೆಸರಿನ ಚೊಂಬಿನಲ್ಲಿ ನೀರು ಕುಡಿಯುತ್ತಾಳೆ, ಗಂಡನ ಸ್ನೇಹಿತನ ಹೆಸರಿನ ಡಬರಿಯಲ್ಲಿ ಸಾರು ಕಾಯಿಸುತ್ತಾಳೆ. ಅಂಥ ಪಾತ್ರೆಯನ್ನು ಕೊಟ್ಟವರ ಮನೆಗೆ ತಿರುಗಿ ಕಳಿಸಿದರೆ ಅದಕ್ಕೆ ಒಂದೇ ಅರ್ಥ: ನಿಮ್ಮ ಸಹವಾಸ ಸಾಕು. ಉಜ್ಜಪ್ಪನ ಹೊಟ್ಟೆಪಾಡು ನಡೆದದ್ದು ಈ ಪದ್ಧತಿಯ ಮೇಲೆ. ಅದರಾಚೆಗೆ ಅವನು ಯೋಚಿಸಿದವನಲ್ಲ.

ಬೆಕ್ಕು ಬಂದದ್ದೂ ಒಂದು ಮದುವೆಯ ಪಾತ್ರೆಗಳ ಜೊತೆ. ಸೊರಬ ತಾಲ್ಲೂಕಿನ ಕುಬಟೂರಿನಿಂದ ಶೇಷಮ್ಮ ಎಂಬ ರೈತರ ಮನೆಯ ಹೆಂಗಸು ಮಗಳು ರಮ್ಯಳ ಮದುವೆಗೆ ಪಾತ್ರೆ ಕೊಳ್ಳಲು ಬಂದಿದ್ದಳು. ಕೈಚೀಲದಲ್ಲಿ ಕಪ್ಪು ಬಿಳಿ ಬಣ್ಣದ ಒಂದು ಮರಿ. ಪೇಟೆಯ ನೆಂಟರಿಗೆಂದು ತಂದದ್ದು. ನೆಂಟರು ಅಲರ್ಜಿ, ಬೇಡ ಎಂದು ಬಾಗಿಲಲ್ಲೇ ಕೈ ಆಡಿಸಿದರು. ಹೊಸ್ತಿಲು ದಾಟಿಸಿದ ಮರಿಯನ್ನು ಮತ್ತೆ ಮನೆಗೆ ಒಯ್ಯಬಾರದೆಂದು ಶೇಷಮ್ಮನ ನಂಬಿಕೆ. ಉಜ್ಜಪ್ಪ ಕೊರೆಯಲು ಶುರು ಮಾಡಿದಾಗ ಅಂಗಡಿಯ ಮುಂದಿನ ಬೀದಿನಾಯಿಗಳು ಎಂದಿನಂತೆ ಓಡಿದವು. ಮರಿ ಚೀಲದಿಂದ ಇಳಿದು ಬಂದು ಅವನ ಮೊಣಕಾಲಿಗೆ ಒರಗಿ ಮಲಗಿತು.

"ನೋಡು ಮಾರಾಯ, ನಿನ್ ಮಿಷನ್ನಿಗೆ ಹೆದ್ರದಿರೋದು ಲೋಕದಲ್ಲಿ ಇದೊಂದೇ," ಎಂದಳು ಶೇಷಮ್ಮ. "ನಿನ್ನತ್ರನೇ ಇರ್ಲಿ."

"ನಂಗ್ಯಾಕೆ?"

"ಯಾಕೆ ಅಂತ ಬೆಕ್ಕನ್ನ ಕೇಳು. ಅದೇ ಬಂದು ಕೂತಿರೋದು."

ಅವನು ಗುಂಡಿ ಒತ್ತಿದ. ಶೇಷಮ್ಮ ಅದನ್ನು ಒಪ್ಪಿಗೆ ಎಂದು ತಿಳಿದು ಎದ್ದು ಹೋದಳು.

ದಿನವಿಡೀ ಹೆಸರು ಬರೆಯುವವನು ಬೆಕ್ಕಿಗೆ ಹೆಸರಿಡಲಿಲ್ಲ. ಅದು ಯಂತ್ರದ ಸದ್ದಿಗೆ ಬರುತ್ತಿತ್ತು, ಹಾಗಾಗಿ ಕೂಗುವ ಅಗತ್ಯ ಬೀಳಲಿಲ್ಲ. ಬೆಳಿಗ್ಗೆ ಅವನ ಹಿಂದೆ ಸಂದಿಯಿಂದ ಕಟ್ಟೆಗೆ, ಸಂಜೆ ಅವನ ಹಿಂದೆ ಕಟ್ಟೆಯಿಂದ ಸಂದಿಗೆ. ಮಧ್ಯೆ ಮಾರಾಟದ ಪಾತ್ರೆಗಳಲ್ಲಿ ತನಗೆ ಒಪ್ಪುವ ಒಂದರೊಳಗೆ ಸುರುಳಿಯಾಗಿ ನಿದ್ದೆ. ಬೆಕ್ಕು ದೊಡ್ಡದಾದ ಮೇಲೆ ಉಜ್ಜಪ್ಪ ಬಾಯಿ ಸೀಳಿದ ಸ್ಟೀಲ್ ಲೋಟದ ತಳ ಕತ್ತರಿಸಿ, ಅಂಚು ಉಜ್ಜಿ, ಒಂದು ಬಿಲ್ಲೆ ಮಾಡಿ ಅದರ ಕೊರಳಿಗೆ ಕಟ್ಟಿದ. ಬಿಲ್ಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದದ್ದು: ಶೇಷಮ್ಮ, ಕುಬಟೂರು. ಕೊಟ್ಟವಳು ಅವಳು, ಅವಳ ಹೆಸರು. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಪೇಟೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಎಲ್ಲರ ಮನೆಯ ಪಾತ್ರೆಗಳೂ ಹಾಗೇ ಇದ್ದವು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಉಜ್ಜಪ್ಪ ಊಟ ಮುಗಿಸಿ ಬಂದು ಯಂತ್ರ ಚಾಲು ಮಾಡಿದ. ಬೆಕ್ಕು ಬರಲಿಲ್ಲ. ನಿಲ್ಲಿಸಿ ಮತ್ತೆ ಚಾಲು ಮಾಡಿದ. ಕೈಯಲ್ಲಿ ಪಾತ್ರೆ ಇರಲಿಲ್ಲ, ಬರಿ ಗಾಳಿಯಲ್ಲಿ ಯಂತ್ರ ಹಿಡಿದು ಕೂತಿದ್ದವನನ್ನು ನೋಡಿ ಸದಾಶಿವಪ್ಪನವರು, "ಏನ್ ಉಜ್ಜಪ್ಪ, ಯಾರ ಹೆಸರು ಬರೀತಿದೀಯ?" ಎಂದರು. ಅವನು ಎದ್ದು ಹೊರಟ.

ಸಂಜೆಯವರೆಗೆ ಚರಂಡಿಗಳ ಮೋರಿ ಬಗ್ಗಿ ನೋಡಿದ, ಗೋದಾಮುಗಳ ಮೂಟೆ ಸಂದಿಗಳನ್ನು ನೋಡಿದ, ಕೆರೆ ಏರಿಯ ತನಕ ಹೋಗಿ ಬಂದ. ಕೂಗಲು ಹೆಸರಿಲ್ಲದ್ದರಿಂದ ತನ್ನ ಊಟದ ತಟ್ಟೆಯನ್ನು ಮೊಳೆಯಿಂದ ಕೆರೆಯುತ್ತ ನಡೆದ, ಯಂತ್ರದ ಸದ್ದಿಗೆ ಅದು ಹತ್ತಿರ ಎಂದು. ಹಲ್ಲು ಜುಮ್ಮೆನ್ನುವ ಆ ಸದ್ದಿಗೆ ಜನ ಬಾಗಿಲಿಗೆ ಬಂದು ಬೈದರು. ಅವನು ಬೈಸಿಕೊಂಡು ಅದೇ ಬಾಗಿಲಲ್ಲಿ, "ಕಪ್ಪು ಬಿಳಿ ಬೆಕ್ಕು ಕಂಡ್ರೇನ್ರಿ?" ಎಂದು ಕೇಳಿದ. ಆ ಬೀದಿಯಲ್ಲಿ ಅವನಾಗಿ ಬಾಯಿ ತೆರೆದದ್ದು ಅದೇ ಮೊದಲು.

ಮರುದಿನ ಪಶು ಆಸ್ಪತ್ರೆಗೆ ಹೋದ. ಅಲ್ಲಿನ ಡಾಕ್ಟರು ತಾಳ್ಮೆಯಿಂದ ಹೇಳಿದರು. ಕಳೆದ ಬೆಕ್ಕು ಸಾಮಾನ್ಯವಾಗಿ ದೂರ ಹೋಗುವುದಿಲ್ಲ, ನಾಲ್ಕು ಮನೆಯಾಚೆ ಹೆದರಿ ಅಡಗಿರುತ್ತದೆ, ಕರೆದರೂ ಓಗೊಡುವುದಿಲ್ಲ. ಅದು ಮಲಗುವ ಬಟ್ಟೆಯನ್ನು ತೊಳೆಯದೆ ಹೊರಗಿಡಬೇಕು. ಸದ್ದಡಗಿದ ಮೇಲೆ, ನಸುಕಿಗೆ, ಟಾರ್ಚ್ ಬಿಟ್ಟು ನೋಡಬೇಕು, ಕಣ್ಣು ಹೊಳೆಯುತ್ತದೆ. ನಗರಗಳಲ್ಲಿ ಚರ್ಮದಡಿಗೆ ಅಕ್ಕಿಕಾಳಿನಷ್ಟು ಚಿಪ್ ಹಾಕುತ್ತಾರೆ, ಅದರಲ್ಲಿ ನಂಬರ್ ಇರುತ್ತದೆ, ಯಂತ್ರ ಹಿಡಿದರೆ ಓದುತ್ತದೆ.

"ಆ ಮಿಷನ್ ನಿಮ್ಮತ್ರ ಐತೇನ್ರಿ?"

"ಇಲ್ಲಪ್ಪ."

"ಮತ್ತೆ ಯಾರ ಹತ್ರ ಐತೆ?"

"ಸದ್ಯಕ್ಕೆ ಈ ಕಡೆ ಯಾರ ಹತ್ರನೂ ಇಲ್ಲ."

"ಅಕ್ಷರ ಆದ್ರೆ ಯಾರ್ ಬೇಕಾದ್ರೂ ಓದ್ತಾರೆ," ಎಂದು ಉಜ್ಜಪ್ಪ ಎದ್ದ. ಅವನು ಹೇಳಿದ್ದು ನಿಜವೇ ಆಗಿತ್ತು. ತೊಂದರೆಯಾದದ್ದೂ ಅದರಿಂದಲೇ.

ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಈಶ್ವರ್ ಪೋಸ್ಟರ್ ಮಾಡಿಕೊಟ್ಟ. ಸದಾಶಿವಪ್ಪನವರ ಮೊಬೈಲಿನಲ್ಲಿ ಯಾವುದೋ ಕುಕ್ಕರಿನ ಫೋಟೋದ ಮೂಲೆಯಲ್ಲಿ ಬೆಕ್ಕು ಸಿಕ್ಕಿಬಿದ್ದಿತ್ತು. ಅದನ್ನೇ ದೊಡ್ಡದು ಮಾಡಿದ. ಕೆಳಗೆ ಉಜ್ಜಪ್ಪನ ನಂಬರ್. ಕೊರಳಿಗೆ ಕಟ್ಟುವ ಸ್ಯಾಟಲೈಟ್ ಪಟ್ಟಿಯನ್ನೂ ಮೊಬೈಲಿನಲ್ಲಿ ತೋರಿಸಿದ.

"ಬೆಕ್ಕು ಎಲ್ಲಿದ್ರೂ ಇಲ್ಲಿ ಚುಕ್ಕಿ ಕಾಣುತ್ತೆ ನೋಡಿ. ಆಗಾಗ ಬಿಚ್ಚಿ ಚಾರ್ಜ್ ಮಾಡ್ಬೇಕು, ಅಷ್ಟೆ."

"ಆಗಾಗ ಕೈಗೆ ಸಿಗೋ ಬೆಕ್ಕಿಗೆ ಚುಕ್ಕಿ ಎದಕ್ಕೆ?"

ಈಶ್ವರ್ ನಕ್ಕು, ಪೋಸ್ಟರಿನ ಚಿತ್ರವನ್ನು ತನ್ನ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದ. ಅದು ಒಬ್ಬರಿಂದ ಒಬ್ಬರಿಗೆ ಹೋಗಿ ಸೊರಬ ತಾಲ್ಲೂಕಿನ ಮೂಲೆ ಮುಟ್ಟಿತು.

ಆ ತನಕ ಉಜ್ಜಪ್ಪನ ಫೋನಿಗೆ ಬರುತ್ತಿದ್ದುದು ಸದಾಶಿವಪ್ಪನವರ ಕರೆ ಮಾತ್ರ, ಅದೂ ಅಂಗಡಿಯ ಒಳಗಿನಿಂದ. ಈಗ ಅದು ಸುಮ್ಮನಿರಲಿಲ್ಲ. ಯಂತ್ರದ ಸದ್ದಿನಲ್ಲಿ ಅವನ ಕಿವಿ ಮಂದವಾಗಿದ್ದರಿಂದ ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದ. ಇಡೀ ಪೇಟೆ ಕೇಳುತ್ತಿತ್ತು. ಒಬ್ಬರು ಕೆಂದು ಬೆಕ್ಕು ಕಂಡಿದ್ದರು, ಕಪ್ಪು ಬಿಳಿ ಎಂದರೆ ಬಣ್ಣ ಮಾಸಿರಬಹುದು ಎಂದು ವಾದ ಹೂಡಿದರು. ಇನ್ನೊಬ್ಬರಿಗೆ ಬೆಕ್ಕು ಬೇಕಾಗಿರಲಿಲ್ಲ, ಮೂರು ಡಬರಿಗೆ ಹೆಸರು ಹಾಕಿಸಬೇಕಿತ್ತು. ಉಡುತಡಿಯ ಬೆನಕಪ್ಪ ತನ್ನ ಹಂಚಿನ ಮೇಲೆ ಥೇಟ್ ಅದೇ ಬೆಕ್ಕು ಕೂತಿದೆ ಎಂದ. ಬೆನಕಪ್ಪ ಉಜ್ಜಪ್ಪನ ಜೊತೆ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವನು. ಉಜ್ಜಪ್ಪ ವರ್ಷಗಳ ಮೇಲೆ ಹುಟ್ಟೂರಿನ ಬಸ್ ಹತ್ತಿದ. ಹಂಚಿನ ಮೇಲಿದ್ದದ್ದು ಬಾಣಂತಿ ಬೆಕ್ಕು.

"ಅದಲ್ದಿದ್ರೆ ಹೋಯ್ತು, ಇದರ ಮರಿ ಒಂದು ತಗಂಡ್ ಹೋಗು," ಎಂದ ಬೆನಕಪ್ಪ.

"ಬೇರೆ ಬೆಕ್ಕು ಬೇಕಾಗಿದ್ರೆ ಬೇರೆ ಬೆಕ್ಕು ಹುಡುಕ್ತಿದ್ದೆ," ಎಂದು ಉಜ್ಜಪ್ಪ ಅದೇ ಬಸ್ಸಿಗೆ ಹಿಂದಿರುಗಿದ. ಅಣ್ಣನ ಮನೆ ಅದೇ ಬೀದಿಯಲ್ಲಿತ್ತು.

ಎಲ್ಲಕ್ಕಿಂತ ವಿಚಿತ್ರವಾದ ಕರೆ ಬಂದದ್ದು ಕ್ಯಾಸನೂರಿನಿಂದ.

"ಶಿಕಾರಿಪುರದ ಬೆಕ್ಕಿನೋರಾ? ನಾನು ಗುತ್ಯಪ್ಪ ಅಂತ. ಪಕ್ಕದ್ಮನೆ ಮೊಬೈಲಲ್ಲಿ ನೋಡ್ದೆ. ನಿಮ್ ಬೆಕ್ಕು ನಮ್ಮೂರಲ್ಲಿ ಇಲ್ಲ."

ಉಜ್ಜಪ್ಪನಿಗೆ ಅರ್ಥವಾಗಲಿಲ್ಲ. "ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಕಾಡಂಚಲ್ಲೆಲ್ಲ ನೋಡ್ದೆ. ಇಲ್ಲ ಅಂತ ಹೇಳಕ್ಕೆ ಮಾಡ್ದೆ."

"ಇಲ್ದಿದ್ದಕ್ಕೆ ಯಾರಾದ್ರೂ ಫೋನ್ ಮಾಡ್ತಾರೇನ್ರಿ?"

"ಮಾಡ್ಬೇಕು ಮಾರಾಯ್ರೆ. ಇಲ್ಲ ಅನ್ನೋದೂ ಒಂದು ಸುದ್ದಿ ಅಲ್ದಾ?"

ಗುತ್ಯಪ್ಪನ ಅಭ್ಯಾಸಕ್ಕೆ ಕಾರಣವಿತ್ತು. ಆ ಊರಿನ ಕಡೆ ಮಂಗನ ಕಾಯಿಲೆಯ ಭಯ ಹಳೆಯದು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕು, ಕಾಣದಿದ್ದರೆ ಕಂಡಿಲ್ಲ ಎಂದೂ ತಿಳಿಸಬೇಕು. ಊರಿನಲ್ಲಿ ಆ ಕೆಲಸವನ್ನು ತಾನಾಗಿ ಹೊತ್ತುಕೊಂಡವನು ಗುತ್ಯಪ್ಪ. ಬಹುಪಾಲು ದಿನ ಅವನು ಇಲಾಖೆಗೆ ಹೇಳುತ್ತಿದ್ದುದು ಏನೂ ಇಲ್ಲ ಎಂದೇ. ಅವರು ಸರಿ ಎಂದು ಇಟ್ಟುಬಿಡುತ್ತಿದ್ದರು.

ಮರುದಿನ ಸಂಜೆ ಮತ್ತೆ ಕರೆ. "ಸಿಕ್ತೇನ್ರಿ?"

"ಇಲ್ಲ."

"ಇಲ್ಲೂ ಇಲ್ಲ."

ಉಜ್ಜಪ್ಪ ಯಂತ್ರದ ಗುಂಡಿ ಒತ್ತಿದ. ಗುತ್ಯಪ್ಪ ಅದಕ್ಕೂ ಬೇಸರಪಡಲಿಲ್ಲ. ಫೋನಿನ ಲೈನೇ ಸರಿಯಿಲ್ಲವೆಂದುಕೊಂಡ. ಮರುದಿನ ಅದೇ ಹೊತ್ತಿಗೆ ಮತ್ತೆ ಮಾಡಿದ. ಹೀಗೆ ಅದು ಸಂಜೆಯ ಪಾಠವಾಯಿತು. "ಸಿಕ್ತೇನ್ರಿ?" "ಇಲ್ಲ." "ಇಲ್ಲೂ ಇಲ್ಲ." ಆಮೇಲೆ ಗುತ್ಯಪ್ಪ ಒಂದೆರಡು ಮಾತು ಸೇರಿಸುತ್ತಿದ್ದ: ತಾನು ಸಾಕಿದ ಬೆಕ್ಕೊಂದು ಕಾಡು ಸೇರಿ ಬಹಳ ದಿನದ ಮೇಲೆ ಮೈತುಂಬ ರಕ್ತ ಹೀರುವ ಉಣುಗು ಹತ್ತಿಸಿಕೊಂಡು ಬಂದದ್ದು, ಇವತ್ತು ಮಂಗಗಳು ಕೆರೆಗೆ ಇಳಿದದ್ದು. ಉಜ್ಜಪ್ಪ ಉತ್ತರಿಸುತ್ತಿರಲಿಲ್ಲ. ಯಂತ್ರದ ಗುಂಡಿಯನ್ನು ಮೊದಲಿನಷ್ಟು ಬೇಗ ಒತ್ತುತ್ತಿರಲಿಲ್ಲ ಎಂಬುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಬೆಕ್ಕು ಮಲಗುವ ಗೋಣಿಚೀಲ ಸಂದಿಯ ಬಾಗಿಲ ಹೊರಗೆ ಬಿದ್ದೇ ಇತ್ತು. ಉಳಿದ ಕರೆಗಳು ಕಡಿಮೆಯಾದವು. ನಸುಕಿಗೆ ಟಾರ್ಚ್ ಹಿಡಿದು ಮೋರಿ ಬಗ್ಗಿ ನೋಡುವುದನ್ನು ಮಾತ್ರ ಉಜ್ಜಪ್ಪ ಬಿಡಲಿಲ್ಲ. ಒಬ್ಬ ಗಿರಾಕಿಯ ಪಾತ್ರೆಗೆ ಕೊಟ್ಟವರ ಹೆಸರು ಬಿಟ್ಟು ಬರಿ ಊರಿನ ಹೆಸರು ಕೊರೆದ; ಅವನ ಕೈಯಲ್ಲಿ ತಪ್ಪಾದದ್ದನ್ನು ಸದಾಶಿವಪ್ಪನವರು ಕಂಡದ್ದು ಅದೇ ಮೊದಲು.

ಆಗ ಶಿರಾಳಕೊಪ್ಪದಿಂದ ಒಂದು ಕರೆ ಬಂತು. ಹೆಣ್ಣುದನಿ, ಸಿಟ್ಟಿನದು.

"ನಾನು ರಮ್ಯ. ಕುಬಟೂರಿನ ಶೇಷಮ್ಮನ ಮಗಳು. ಅಲ್ರೀ, ಬೆಕ್ಕನ್ನ ನಮ್ಮವ್ವನ ಮನೆಗೆ ನೀವೇ ವಾಪಸ್ ಕಳಿಸಿ, ಈಗ ಕಳೆದಿದೆ ಅಂತ ಮೊಬೈಲಲ್ಲಿ ಹಾಕಿದೀರಲ್ಲ, ಎಂತ ನಾಟಕ ಇದು?"

"ಬೆಕ್ಕು ಐತಾ?" ಎಂದ ಉಜ್ಜಪ್ಪ.

"ಇದೆ. ಅವ್ವ ಅದಕ್ಕೆ ಹಾಲು ಹಾಕ್ತಾಳೆ, ನಿಮಗೆ ಶಾಪ ಹಾಕ್ತಾಳೆ."

ಆದದ್ದು ಇಷ್ಟು. ಬೆಕ್ಕು ಕಳೆದ ಆ ಮಧ್ಯಾಹ್ನ ಆನವಟ್ಟಿಯ ಗಿರಾಕಿಯೊಬ್ಬರು ಅಡುಗೆಯ ದೊಡ್ಡ ಕೊಪ್ಪರಿಗೆಗಳನ್ನು ಕೊಂಡು, ಅಲ್ಲಿಂದಲೇ ತಂದಿದ್ದ ಟೆಂಪೋದಲ್ಲಿ ಹೇರಿಸಿದ್ದರು. ಒಂದು ಕೊಪ್ಪರಿಗೆಯೊಳಗೆ, ಹೊದಿಸಿದ ಗೋಣಿಯ ಕೆಳಗೆ, ಬೆಕ್ಕು ನಿದ್ದೆ ಮಾಡುತ್ತಿತ್ತು. ಆನವಟ್ಟಿಯಲ್ಲಿ ಇಳಿಸುವಾಗ ಟೆಂಪೋದ ರಾಜು ಅದನ್ನು ಕಂಡ, ಬಿಲ್ಲೆ ಓದಿದ. ಕುಬಟೂರು ಪಕ್ಕದ ಊರು. ಹೆಸರಿದ್ದವರ ಮನೆಗೆ ಒಯ್ದು ಒಪ್ಪಿಸಿ, ಶಿಕಾರಿಪುರದ ಪಾತ್ರೆ ಅಂಗಡಿಯಿಂದ ಬಂತು ಎಂದು ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಹೋದ. ಶೇಷಮ್ಮನಿಗೆ ಬೇರೆ ಅರ್ಥ ಹೊಳೆಯಲು ಕಾರಣವೇ ಇರಲಿಲ್ಲ. ತಾನು ಕೊಟ್ಟದ್ದು ತನ್ನ ಹೆಸರು ಹೊತ್ತು ತನ್ನ ಬಾಗಿಲಿಗೆ ತಿರುಗಿ ಬಂದಿತ್ತು.

ಟೆಂಪೋದ ರಾಜುವನ್ನು ವಿಚಾರಿಸಿ ಇಷ್ಟು ತಿಳಿದ ಮೇಲೆ ಉಜ್ಜಪ್ಪ ಕೊರೆಯುವ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಕುಬಟೂರಿಗೆ ಹೋದ. ಅಲ್ಲಿ ನಡೆದದ್ದನ್ನು ಆಮೇಲೆ ಪೇಟೆಗೆ ಬಂದ ರಮ್ಯಳೇ ಹೇಳಿದಳು. ತಾಯಿಯ ಸಿಟ್ಟು ನೋಡಲೆಂದೇ ಅವಳು ಅವತ್ತು ತವರಿಗೆ ಹೋಗಿದ್ದಳಂತೆ.

ಶೇಷಮ್ಮ ಜಗಲಿಯಲ್ಲಿ ಅಲಸಂದೆ ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಕೊಟ್ಟಿದ್ದನ್ನ ವಾಪಸ್ ಕಳ್ಸೋರಿಗೆ ನಮ್ಮನೇಲಿ ಎಂತ ಕೆಲಸ?"

"ನಾನು ಕಳ್ಸಿಲ್ಲ."

"ಹಂಗಾದ್ರೆ ಅದೇ ಟಿಕೆಟ್ ತಗಂಡು ಬಂತಾ?"

"ಟೆಂಪೋದಾಗೆ ಬಂತು. ಕೊಪ್ಪರಿಗೇಲಿ ಮಲ್ಗಿತ್ತು. ಬಿಲ್ಲೆ ಮ್ಯಾಲೆ ನಿಮ್ಮ ಹೆಸರಿತ್ತು."

"ನಿನ್ನ ಬೆಕ್ಕಿಗೆ ನನ್ ಹೆಸರು ಎಂತಕೆ ಹಾಕ್ದೆ?"

"ನೀವು ಕೊಟ್ಟಿದ್ದಲ್ಲ?"

ಶೇಷಮ್ಮನ ಕೈ ನಿಂತಿತು. ಪದ್ಧತಿ ಪದ್ಧತಿಯೇ, ಅದರಲ್ಲಿ ಅವಳಿಗೆ ತಪ್ಪು ಸಿಗಲಿಲ್ಲ. ಸಿಗಲಿಲ್ಲವೆಂದು ಸಿಟ್ಟು ಇಳಿಯಲೂ ಇಲ್ಲ.

"ಮದ್ವೆಗೆ ಅಷ್ಟು ಕರೆದ್ರೂ ಬರ್ಲಿಲ್ಲ. ಬೆಕ್ಕು ಅಂದ್ರೆ ಬಂದೆ. ಹಿಡ್ಕಳಕ್ಕಾದ್ರೆ ಹಿಡ್ಕಂಡ್ ಹೋಗು. ಅಟ್ಟದ ಮೇಲಿದೆ, ಯಾರ್ ಕರೆದ್ರೂ ಇಳಿಯಲ್ಲ."

ಉಜ್ಜಪ್ಪ ಅಡುಗೆಮನೆಯ ಪ್ಲಗ್ಗಿಗೆ ಯಂತ್ರ ಸಿಕ್ಕಿಸಿ, ಕೊರೆಯಲು ಏನಾದರೂ ಕೊಡಿ ಎಂದ. ಶೇಷಮ್ಮ ಒಂದು ಹೊಸ ಚೊಂಬು ತಂದು ಮುಂದಿಟ್ಟಳು.

"ನಿನ್ನ ಹೆಸರೇ ಬರಿ. ಇವಳ ಮದ್ವೇಲಿ ಊರವ್ರ ಹೆಸರಿನ ಪಾತ್ರೆ ಎಲ್ಲ ಬಂತು, ಬರೆದೋನ ಹೆಸರಿಂದು ಒಂದೂ ಇಲ್ಲ."

"ನಾನು ಕೊಟ್ಟಿಲ್ಲ."

"ಕೊಟ್ಟ ಹಂಗೆ ಅಂದ್ಕ, ಮಾರಾಯ. ಒಂದು ಹೆಸರಲ್ದಾ?"

"ಕೊಡದೇ ಇರೋದಕ್ಕೆ ಹೆಸರು ಹಾಕ್ಬಾರ್ದು. ಸುಳ್ಳಾಗುತ್ತೆ."

ಚೊಂಬನ್ನು ಪಕ್ಕಕ್ಕೆ ಸರಿಸಿ, ಒಲೆಯ ಮುಂದೆ ಬಿದ್ದಿದ್ದ ಒಂದು ತೆಂಗಿನ ಚಿಪ್ಪು ತೆಗೆದುಕೊಂಡು, ಅದರ ಬೆನ್ನ ಮೇಲೆ ಸುಮ್ಮನೆ ಚುಕ್ಕಿ ಹಾಕತೊಡಗಿದ. ಸದ್ದು ಮನೆಯಿಡೀ ತುಂಬಿತು. ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು. ಅಟ್ಟದ ಏಣಿಯ ಮೇಲೆ ಮೊದಲು ಎರಡು ಬಿಳಿ ಪಾದ ಕಂಡವು. ಬೆಕ್ಕು ಯಾರನ್ನೂ ನೋಡದೆ ಇಳಿದು ಬಂದು ಅವನ ಮೊಣಕಾಲಿಗೆ ಒರಗಿತು. ಉಜ್ಜಪ್ಪ ಅದನ್ನು ಮುಟ್ಟದೆ ಇನ್ನೂ ಸ್ವಲ್ಪ ಹೊತ್ತು ಚುಕ್ಕಿ ಹಾಕುತ್ತಲೇ ಇದ್ದನಂತೆ.

ಈಗ ಬೆಕ್ಕಿನ ಕೊರಳಲ್ಲಿ ಹೊಸ ಬಿಲ್ಲೆಯಿದೆ. ಒಂದು ಕಡೆ ಶೇಷಮ್ಮನ ಹೆಸರು, ತೆಗೆಯಕೂಡದೆಂದು ಅವಳು ಕಟ್ಟಪ್ಪಣೆ ಮಾಡಿದ್ದಾಳೆ. ಇನ್ನೊಂದು ಕಡೆ ಉಜ್ಜಪ್ಪನ ಫೋನ್ ನಂಬರ್. ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯಬಾರದೆಂದು ಡಾಕ್ಟರು ಹೇಳಿದಂತೆ ದಾರದ ಬದಲು ಎಲಾಸ್ಟಿಕ್. ಪಕ್ಕದಲ್ಲಿ ಒಂದು ಗೆಜ್ಜೆ. ಬೆಕ್ಕು ಸಿಕ್ಕಿದ ಮೇಲೆ ಪೋಸ್ಟರ್ ಗೋಡೆಯ ಮೇಲಿರುವುದು ಸುಳ್ಳು ಎಂದು ಉಜ್ಜಪ್ಪ ತಾನೇ ಬಕೆಟ್ಟಿನಲ್ಲಿ ನೀರು ಹಿಡಿದು ಹೋಗಿ ಒಂದೊಂದನ್ನೂ ಕೆರೆದು ತೆಗೆದ. ಈಶ್ವರ್ ಸಿಕ್ಕಿದೆ ಎಂದು ವಾಟ್ಸಾಪಿನಲ್ಲಿ ಹಾಕಿದ. ಕರೆಗಳು ನಿಂತವು. ಕಟ್ಟೆಯ ಮೇಲೆ ಹಳೆಯ ಕ್ರಮ ಹಿಂದಿರುಗಿತು: ಹೆಸರು ಕೇಳುವುದು, ಗುಂಡಿ ಒತ್ತುವುದು.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ನಾನು ಒಂದು ಸ್ಟೀಲ್ ಡಬ್ಬಕ್ಕೆ ಹೆಸರು ಹಾಕಿಸಲು ಹೋಗಿದ್ದೆ. ಅರ್ಧ ಹೆಸರು ಮೂಡಿತ್ತು. ಬೆಕ್ಕು ಅವನ ಮಡಿಲಲ್ಲಿತ್ತು. ಫೋನ್ ಹೊಡೆದುಕೊಂಡಿತು. ಉಜ್ಜಪ್ಪ ನಂಬರ್ ನೋಡಿ ಯಂತ್ರ ನಿಲ್ಲಿಸಿದ. ಮಾತಿಗಾಗಿ ಅವನು ಯಂತ್ರ ನಿಲ್ಲಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಗುತ್ಯಪ್ಪ ಮಾತಾಡೋದು," ಎಂದಿತು ಸ್ಪೀಕರ್. ಬೆಕ್ಕು ಸಿಗುವ ಹೊತ್ತಿಗೆ ಮಳೆಗೆ ಕೆಟ್ಟ ಅವನೂರಿನ ಲೈನ್ ಈಗಷ್ಟೇ ಸರಿಯಾಗಿತ್ತು; ವಾಟ್ಸಾಪ್ ಇಲ್ಲದ ಮನುಷ್ಯ, ಅವನಿಗೆ ಸುದ್ದಿ ಮುಟ್ಟಿರಲಿಲ್ಲ. "ಸಿಕ್ತೇನ್ರಿ?"

ಬೆಕ್ಕು ಕಿವಿ ನಿಮಿರಿಸಿ ತಲೆಯೆತ್ತಿತು. ಉಜ್ಜಪ್ಪ ಅದರ ಕೊರಳಿನ ಗೆಜ್ಜೆಯನ್ನು ಸದ್ದಾಗದಂತೆ ಬೆರಳುಗಳ ನಡುವೆ ಅಮುಕಿ ಹಿಡಿದ.

"ಇಲ್ಲ ರೀ," ಎಂದ. "ಅಲ್ಲಿ?"

"ಇಲ್ಲೂ ಇಲ್ಲ. ಇವತ್ತೇನಾಯ್ತು ಅಂದ್ರೆ..."

"ಹೇಳ್ರಿ," ಎಂದು ಉಜ್ಜಪ್ಪ ಗೋಡೆಗೆ ಒರಗಿದ. ಗೆಜ್ಜೆ ಹಿಡಿದ ಕೈ ಹಾಗೇ ಇತ್ತು.